ಹೇಳಿದವರು: ಸ್ವತಃ

ಜೂನ್ 4

ಅತ್ತಿಗೆ,

ಮೊದಲು ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಬರೆದೆ. ಬರೆದದ್ದನ್ನು ಓದಿ ನನಗೇ ಥೂ ಅನ್ನಿಸಿತು. ಆ ಹಾಳೆ ಹರಿದು ಹಾಕಿ ಹೊಸದು ತೆಗೆದುಕೊಂಡಿದ್ದೇನೆ. ನೀವು ಪುಟ್ಟಿಯನ್ನು ಎತ್ತಿಕೊಂಡು ಮನೆ ಬಿಟ್ಟು ಇವತ್ತಿಗೆ ಇಪ್ಪತ್ತೆರಡು ದಿನ.

ಕಾಗದ ಬಂತೆಂದು ಹೆದರಬೇಡಿ. ನೀವು ಎಲ್ಲಿದ್ದೀರಿ ಎಂದು ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವುದೂ ಇಲ್ಲ. ನಾನು ಚೀಟಿ ಬರೆಯುವ ನಮ್ಮ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಯ ಪಕ್ಕ ಒಂದು ಸಣ್ಣ ಕೋಣೆ ಇದೆಯಲ್ಲ, ಮಂಗಳವಾರ ಶುಕ್ರವಾರ ದಪ್ಪ ಕನ್ನಡಕದ ಅಕ್ಕ ಒಬ್ಬರು ಬಂದು ಕೂತು, ಮನೆಯಲ್ಲಿ ಹೊಡೆತ ತಿಂದು ಬಂದ ಹೆಂಗಸರ ಜೊತೆ ಮಾತಾಡುತ್ತಾರೆ. ನಿಮಗೆ ದಾರಿ ತೋರಿಸಿದ್ದು ಅವರೇ ಇರಬೇಕು ಎಂದು ನನಗೆ ಅನುಮಾನ. ಹೋಗಿ ಕೇಳಿದೆ. “ನನಗೆ ಅಂಥೋರು ಯಾರೂ ಗೊತ್ತಿಲ್ಲಮ್ಮ” ಎಂದರು. ಎರಡನೇ ಸಲ ಹೋದೆ. “ಗೊತ್ತಿಲ್ಲ ಅಂದ್ನಲ್ಲ” ಎಂದರು. ಮೂರನೇ ಸಲ, “ಕಾಗದ ಬರೆದು ಕೊಡಿ. ಅಂಥೋರು ಯಾರಾದ್ರೂ ಇದ್ರೆ ತಲುಪತ್ತೆ. ಇಲ್ದಿದ್ರೆ ನನ್ನ ಡ್ರಾಯರಲ್ಲಿ ಬಿದ್ದಿರತ್ತೆ” ಎಂದರು. ಹೊರಡುವಾಗ, “ನೀವು ಆತನ ತಂಗಿ ಅಲ್ವಾ?” ಎಂದು ಕೇಳಿದರು. ಹೌದು ಎನ್ನಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅದು ಅವರ ಗಮನಕ್ಕೂ ಬಂತು.

ಅಣ್ಣ ಮೊದಲ ವಾರ ಬಸ್ ನಿಲ್ದಾಣ, ನಿಮ್ಮ ಗೆಳತಿಯರ ಮನೆ, ಪುಟ್ಟಿಯ ಶಾಲೆ ಎಂದು ಸುತ್ತಿದ. ಈಗ ಸುತ್ತುವುದು ಬಿಟ್ಟು ವಕೀಲರೊಬ್ಬರನ್ನು ಹಿಡಿದಿದ್ದಾನೆ. ಅಮ್ಮ ಬಂದವರಿಗೆಲ್ಲ, “ಸೊಸೆ ತವರಿಗೆ ಹೋಗಿದಾಳೆ” ಎನ್ನುತ್ತಾಳೆ. ನಿಮಗೆ ತವರು ಅಂತ ಒಂದು ಉಳಿದೇ ಇಲ್ಲ ಎಂದು ಇಡೀ ಬೀದಿಗೆ ಗೊತ್ತು. ಆದರೂ ಎಲ್ಲರೂ ಹೌದಾ ಹೌದಾ ಎಂದು ತಲೆ ಆಡಿಸಿ ಹೋಗುತ್ತಾರೆ.

ಪುಟ್ಟಿ ಅವತ್ತು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ ಹಾಕಿಕೊಂಡು ಹೋಗಿದ್ದಾಳೆ. ಉಳಿದ ಒಂದು ಬೂಟು, ಒಂದು ಚಪ್ಪಲಿ ಈ ಪೊಟ್ಟಣದಲ್ಲಿವೆ. ಬಾಗಿಲಲ್ಲಿ ಅವೆರಡನ್ನು ಜೋಡಿಯಾಗಿ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಇನ್ನೇನು ಬರೆಯಲಿ? ಬನ್ನಿ ಎನ್ನುವ ಮುಖ ನನಗಿಲ್ಲ. ಬರಬೇಡಿ ಎಂದು ಹೇಳುವ ಧೈರ್ಯವೂ ಇಲ್ಲ. ಅಡುಗೆಮನೆಯಲ್ಲಿ ನಿಮ್ಮ ಕತ್ತರಿ, ಹಸಿರು ಬಕೆಟ್ಟು, ಗಿಡ ಎಲ್ಲ ಇದ್ದಲ್ಲೇ ಇವೆ. ಗಿಡಕ್ಕೆ ನೀರು ಹಾಕುತ್ತಿದ್ದೇನೆ.

ನಿಮ್ಮ ನಾದಿನಿ,
ಮಾತಿನಮಲ್ಲಿ

(ಈ ಹೆಸರಿಟ್ಟವರು ನೀವೇ. ಇನ್ನೂ ಹಾಗೆ ಸಹಿ ಮಾಡಬಹುದು ಎಂದುಕೊಂಡಿದ್ದೇನೆ.)


ಜೂನ್ 17

ಮಲ್ಲಿ,

ಕಾಗದ ತಲುಪಿತು. ಬೂಟು ಚಪ್ಪಲಿಯೂ ತಲುಪಿದವು. ಪುಟ್ಟಿ ಎರಡು ಜೊತೆಯನ್ನೂ ಗೋಡೆಗೆ ಸಾಲಾಗಿ ಇಟ್ಟು, ಇಲ್ಲಿನ ಮಕ್ಕಳಿಗೆಲ್ಲ ತೋರಿಸಿ ಬಂದಳು.

ದವಡೆಗೆ ಕಟ್ಟಿದ್ದ ತಂತಿ ಮೊನ್ನೆ ಬಿಚ್ಚಿದರು. ಆರು ವಾರ ಕೊಳವೆಯಲ್ಲಿ ಗಂಜಿ ಹೀರಿದ್ದಾಯಿತು, ಈಗ ಬ್ರೆಡ್ಡನ್ನು ಹಾಲಲ್ಲಿ ನೆನೆಸಿ ತಿನ್ನಬಹುದು. ಬಾಯಿ ಎರಡು ಬೆರಳಿನಷ್ಟು ತೆರೆಯುತ್ತದೆ. ಮಾತಾಡಿದರೆ ಎಡಗಡೆ ಕಟಕಟ ಎನ್ನುತ್ತದೆ, ಪುಟ್ಟಿಗೆ ಅದನ್ನು ಕೇಳಿಸಿಕೊಳ್ಳುವುದೇ ಒಂದು ಆಟ.

ಈ ಮನೆಗೆ ಹೊರಗೆ ಬೋರ್ಡಿಲ್ಲ. ಒಳಗೆ ನೋಡಿದರೆ ಬರೀ ಬೋರ್ಡುಗಳೇ. ಯಾರು ಯಾವ ದಿನ ಪಾತ್ರೆ, ಯಾರು ಯಾವ ದಿನ ಗುಡಿಸುವುದು, ಗೇಟು ಯಾರು ತೆಗೆಯಬೇಕು, ಯಾರು ತೆಗೆಯಬಾರದು. ಒಂಬತ್ತು ಹೆಂಗಸರು, ಆರು ಮಕ್ಕಳು, ಎರಡು ಬಚ್ಚಲು. ಬೆಳಗಿನ ಜಗಳ ನೀನು ನೋಡಬೇಕು. ಬಚ್ಚಲ ಬಾಗಿಲು ಯಾರಾದರೂ ಬಡಿದರೆ ಮೊದಲ ವಾರ ನಾನು ಪುಟ್ಟಿಯನ್ನು ಮಂಚದ ಕೆಳಗೆ ತಳ್ಳುತ್ತಿದ್ದೆ. ಈಗ ನಾನೂ ಬಡಿಯುತ್ತೇನೆ.

ನೀನು ನಾಲ್ಕು ಹಾಳೆ ಬರೆದಿದ್ದೀಯ. ಬಕೆಟ್ಟಿನ ಬಣ್ಣವೂ ಇದೆ ಅದರಲ್ಲಿ. ದವಡೆ ಎಂಬ ಮಾತು ಒಂದು ಸಲವೂ ಇಲ್ಲ.

ಕೋರ್ಟಿನ ವಿಷಯ ನಿನ್ನ ಅಣ್ಣ ತನಗೆ ಬೇಕಾದ ಹಾಗೆ ಹೇಳಿರುತ್ತಾನೆ, ನಾನೂ ಹೇಳಿಬಿಡುತ್ತೇನೆ. ನಾನು ಕೇಳಿರುವುದು ಎರಡೇ. ಅವನು ನನ್ನ ಹತ್ತಿರ ಸುಳಿಯಬಾರದು, ಪುಟ್ಟಿ ನನ್ನ ಜೊತೆ ಇರಬೇಕು. ಅದಕ್ಕೆ ಅವನ ಕಡೆಯ ಉತ್ತರ ಹೀಗಿದೆ: ಇವಳಿಗೆ ತಲೆ ಸುತ್ತುವ ಕಾಯಿಲೆ, ಕಂಡಕಂಡಲ್ಲಿ ಬೀಳುತ್ತಾಳೆ, ಇಂಥವಳ ಕೈಗೆ ಮಗುವನ್ನು ಕೊಟ್ಟರೆ ಮಗುವಿನ ಗತಿಯೇನು. ಸಾಕ್ಷಿಗೆ ನಿಮ್ಮ ಆಸ್ಪತ್ರೆಯ ರಿಜಿಸ್ಟರ್ ತೋರಿಸಿದ್ದಾರೆ. ಎರಡು ವರ್ಷದಲ್ಲಿ ಮೂರು ಸಲ, ಮೂರು ಸಲವೂ ‘ಬಚ್ಚಲಲ್ಲಿ ಜಾರಿ ಬಿದ್ದದ್ದು’. ದುಂಡಗಿನ ಅಕ್ಷರ. ಓದಲು ಎಷ್ಟು ಚೆಂದ.

ನಿನ್ನ ಹತ್ತಿರ ನಾನು ಏನನ್ನೂ ಕೇಳುತ್ತಿಲ್ಲ.

ಪುಟ್ಟಿಯ ಅಮ್ಮ


ಜೂನ್ 25

ಅತ್ತಿಗೆ,

ದವಡೆ. ಬರೆದೆ, ನೋಡಿ.

ನೀವು ‘ಪುಟ್ಟಿಯ ಅಮ್ಮ’ ಎಂದು ಸಹಿ ಮಾಡಿದ್ದೀರಿ. ಅತ್ತಿಗೆ ಎಂದು ಹಾಕಿಲ್ಲ. ಸರಿಯಾಗಿಯೇ ಇದೆ, ನನಗೆ ಅರ್ಥವಾಯಿತು. ಈ ಸಲ ಸುತ್ತಿ ಬಳಸಿ ಬರೆಯುವುದಿಲ್ಲ.

ಮೊದಲನೇ ಸಲ ನಿಮ್ಮ ಕೈ ಮುರಿದಾಗ ನನ್ನ ಕೌಂಟರಿನ ಕಿಟಕಿಯ ಹತ್ತಿರ ಬಂದು ಮಾತಾಡಿದ್ದು ಅಣ್ಣ. “ಬಚ್ಚಲಲ್ಲಿ ಜಾರಿದ್ಲು ಕಣೆ, ಬರ್ಕೋ” ಎಂದ. ಹಿಂದಿನ ಸಂಜೆ ಗೋಡೆಯ ಆಚೆಯಿಂದ ನಾನು ಎಲ್ಲ ಕೇಳಿಸಿಕೊಂಡಿದ್ದೆ. ಆದರೂ ಬರೆದುಕೊಂಡೆ. ಎರಡನೇ ಸಲ ನಿಮ್ಮ ಹುಬ್ಬು ಒಡೆದಿತ್ತು. ಅಣ್ಣ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಕೈ ತಾನಾಗಿ ಅದನ್ನೇ ಬರೆಯಿತು. ಮೂರನೇ ಸಲ ನೀವು ಟ್ಯಾಕ್ಸಿಯಲ್ಲಿ ಇನ್ನೂ ದಾರಿಯಲ್ಲಿದ್ದಾಗಲೇ ಕೌಂಟರಿಗೆ ಫೋನು ಬಂತು. “ಮಲ್ಲಿ, ಕರ್ಕೊಂಡು ಬರ್ತಿದೀನಿ. ಬಚ್ಚಲು. ಬರೆದಿಟ್ಟಿರು, ಅಲ್ಲಿ ಬಂದು ನಿಂತ್ಕೊಳೋದು ಬೇಡ” ಎಂದ. ನೀವು ಕಿಟಕಿಗೆ ಬರುವಷ್ಟರಲ್ಲಿ ಹೆಸರು, ವಯಸ್ಸು, ಕಾರಣ ಎಲ್ಲ ಬರೆದಾಗಿತ್ತು. ಕೊನೆಯ ಕಲಂ ಒಂದನ್ನು ನೀವು ಬಂದ ಮೇಲೆ ತುಂಬಿದೆ.

ಮನೆಯಲ್ಲೂ ಅಷ್ಟೇ. ನಿಮ್ಮ ಕೋಣೆಯಲ್ಲಿ ಶುರುವಾಯಿತೆಂದರೆ ನಾನು ಹೊಲಿಗೆ ಮಿಷನ್ ತುಳಿಯುತ್ತಿದ್ದೆ. ನಾದಿನಿ ಎಷ್ಟು ಕಷ್ಟಪಟ್ಟು ಹೊಲಿಯುತ್ತಾಳೆ ಎಂದು ನೀವು ಅಂದುಕೊಂಡಿರಬಹುದು. ಎಷ್ಟೋ ಸಲ ಸೂಜಿಯ ಕೆಳಗೆ ಬಟ್ಟೆಯೇ ಇರುತ್ತಿರಲಿಲ್ಲ. ಸುಮ್ಮನೆ ತುಳಿಯುತ್ತಿದ್ದೆ.

ಯಾಕೆ ಎಂದು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಅಪ್ಪ ಹೋದಾಗ ನನಗೆ ಹನ್ನೊಂದು ವರ್ಷ. ಅಣ್ಣ ಓದು ಬಿಟ್ಟು ಕೆಲಸಕ್ಕೆ ಸೇರಿ ನನ್ನನ್ನು ಓದಿಸಿದ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಪಕ್ಕದಲ್ಲಿ ಕೂರಿಸಿಕೊಂಡು, ಬೈಯದೆ, ಹೊಡೆಯದೆ, ದುಂಡಗೆ ಬರೆಯುವುದನ್ನು ಕಲಿಸಿದವನು ಅವನೇ. ಈ ಅಕ್ಷರ ನೋಡಿಯೇ ನನಗೆ ಕೆಲಸ ಕೊಟ್ಟದ್ದು. ಅವನು ತಿದ್ದಿಸಿದ ಅಕ್ಷರದಲ್ಲಿ ಅವನ ವಿರುದ್ಧ ಹೇಗೆ ಬರೆಯಲಿ ಎಂದುಕೊಳ್ಳುತ್ತಿದ್ದೆ. ಇದು ಕಾರಣವೋ ನೆಪವೋ ನನಗೀಗ ಗೊತ್ತಾಗುತ್ತಿಲ್ಲ. ನನಗೆ ಅವನ ಭಯವೂ ಇತ್ತು. ಅದನ್ನು ಕೊನೆಗೆ ಬರೆಯುತ್ತಿದ್ದೇನೆ, ಮೊದಲು ಬರೆಯಬೇಕಿತ್ತು.

ನನಗೆ ನಾಚಿಕೆಯಾಗುತ್ತಿದೆ ಅತ್ತಿಗೆ. ಕೌಂಟರಲ್ಲಿ ಯಾರಾದರೂ, “ಅಕ್ಷರ ಮುತ್ತಿನ ಹಾಗಿದೆಯಮ್ಮ” ಎಂದರೆ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತೇನೆ.

ಮಲ್ಲಿ


ಜುಲೈ 8

ಮಲ್ಲಿ,

ಹೊಲಿಗೆ ಮಿಷನ್ ಕೆಳಗೆ ಬಟ್ಟೆ ಇರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಬಟ್ಟೆ ಇದ್ದರೆ ಶಬ್ದ ಬೇರೆ ಬರುತ್ತದೆ.

ನನ್ನ ವಕೀಲಮ್ಮ ಐದಡಿಯೂ ಇಲ್ಲದ ಹೆಂಗಸು, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಮುಟ್ಟುವುದಿಲ್ಲ. ಅವರು ರಿಜಿಸ್ಟರಿನ ನಕಲನ್ನು ಮೂಗಿನ ಹತ್ತಿರ ಹಿಡಿದು ಒಂದು ಗಂಟೆ ನೋಡಿದರು. ಮೂರನೇ ಸಲದ್ದು ಹೀಗಿದೆ. ಕಾರಣ: ಬಚ್ಚಲಲ್ಲಿ ಜಾರಿ ಬಿದ್ದದ್ದು. ಹೇಳಿದವರು: ಸ್ವತಃ. ಅದರ ಕೆಳಗೇ ಡಾಕ್ಟರು ಬರೆದಿದ್ದಾರೆ: ದವಡೆ ಎರಡು ಕಡೆ ಮುರಿದಿದೆ, ಬಾಯಿ ತೆರೆಯಲಾಗದು, ಮಾತು ಸಾಧ್ಯವಿಲ್ಲ. “ದವಡೆ ಮುರ್ಕೊಂಡೋಳು ಸ್ವತಃ ಹೇಗ್ರೀ ಹೇಳಿದ್ಲು?” ಎಂದು ವಕೀಲಮ್ಮ ಕುರ್ಚಿಯಿಂದ ಇಳಿದುಬಿಟ್ಟರು. ನಾನು ಅದನ್ನು ನೋಡಿಯೇ ಇರಲಿಲ್ಲ. ‘ಜಾರಿ ಬಿದ್ದದ್ದು’ ಎನ್ನುವಲ್ಲಿಗೇ ನನ್ನ ಕಣ್ಣು ನಿಂತುಬಿಡುತ್ತಿತ್ತು.

ಇನ್ನೊಂದನ್ನೂ ಅವರು ತೋರಿಸಿದರು. ‘ಸ್ವ’ ಬರೆದಾದ ಮೇಲೆ ಒಂದು ಗೀಟು ಹಾಳೆಯ ಅಂಚಿನವರೆಗೆ ಓಡಿದೆ. ಆಮೇಲೆ ‘ತಃ’. ಇದೇನು ಎಂದು ಕೇಳಿದರು. ನಾನು ಹೇಳಲಿಲ್ಲ. ನಾನು ಹೇಳಿದರೆ ನನ್ನ ಮಾತಾಗುತ್ತದೆ, ಅವನ ವಕೀಲ ತಲೆ ಸುತ್ತು ಎನ್ನುತ್ತಾನೆ. ಅದು ಏನೆಂದು ನಿನಗೆ ಗೊತ್ತು. ಹಿಂದಿನ ಕಾಗದದಲ್ಲಿ ಮೂರೂ ಸಲದ್ದನ್ನು ಬರೆದೆ, ಅದೊಂದನ್ನು ಬಿಟ್ಟೆ.

ನಿನ್ನನ್ನು ಸಾಕ್ಷಿಗೆ ಕರೆಯುತ್ತಾರೆ. ಸಮನ್ಸ್ ಜಾರಿ ಆಗುತ್ತದೆ. ಇಲ್ಲಿ ಇದನ್ನು ಹೇಳಿದಾಗ ಪಾತ್ರೆ ತೊಳೆಯುತ್ತಿದ್ದ ಒಬ್ಬಳು, “ಅದೂ ಬಚ್ಚಲಲ್ಲೇ ಜಾರಿನಾ?” ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ದವಡೆ ಹಿಡಿದುಕೊಂಡು ನಕ್ಕೆ. ಅಲ್ಲಿದ್ದ ಒಂಬತ್ತು ಜನರಲ್ಲಿ ಏಳು ಜನ ಒಂದಲ್ಲ ಒಂದು ಆಸ್ಪತ್ರೆಯಲ್ಲಿ ಜಾರಿ ಬಿದ್ದವರೇ.

ಕನ್ನಡಕದ ಅಕ್ಕ ನಿನಗೆ ಇಷ್ಟನ್ನು ತಿಳಿಸು ಎಂದಿದ್ದಾರೆ. ನಿಜ ಹೇಳಿದರೆ ನಿನ್ನ ಕೆಲಸಕ್ಕೆ ತೊಂದರೆ ಆಗಬಹುದು. ಆ ಮನೆಯಲ್ಲಿ ನೀನಿರುವುದು ಕಷ್ಟವಾಗಬಹುದು. ನಿನ್ನನ್ನು ಬಲವಂತ ಮಾಡಬಾರದಂತೆ. ನಾನು ಮಾಡುತ್ತಿಲ್ಲ. ನೀನು ಹೇಳದಿದ್ದರೆ ಏನಾಗುತ್ತದೆ ಎನ್ನುವುದನ್ನು ಮಾತ್ರ ಹೇಳುತ್ತೇನೆ: ಪುಟ್ಟಿ ಆ ಮನೆಗೆ ವಾಪಸು ಹೋಗುತ್ತಾಳೆ.

ಪುಟ್ಟಿಯ ಅಮ್ಮ


ಆಗಸ್ಟ್ 2

ಅತ್ತಿಗೆ,

ನಿನ್ನೆ ನೀವೇ ಎದುರಿಗೆ ಕೂತು ಎಲ್ಲ ಕೇಳಿದ್ದೀರಿ. ಆದರೂ ಬರೆಯುತ್ತಿದ್ದೇನೆ, ಬರೆಯದಿದ್ದರೆ ಮತ್ತೆ ಒಂದನ್ನು ಬಿಟ್ಟ ಹಾಗಾಗುತ್ತದೆ.

ನನ್ನನ್ನು ಕೋರ್ಟಿಗೆ ಸ್ಕೂಟರಿನಲ್ಲಿ ಕರೆದುಕೊಂಡು ಬಂದದ್ದು ಅಣ್ಣ. ಹೊರಡುವ ಮುಂಚೆ ಅಮ್ಮ ನನ್ನ ಗಲ್ಲ ಹಿಡಿದು, “ಅವನ ಮಾನ ನಿನ್ನ ಬಾಯಲ್ಲಿದೆ ಮಗಳೇ” ಎಂದಳು. ನಾನು ನಿಜ ಹೇಳಬೇಕೆಂದೇ ಹೊರಟಿದ್ದೆ. ಇದನ್ನು ನೀವು ನಂಬಬೇಕಾಗಿಲ್ಲ.

ನಿಮ್ಮನ್ನು ನೋಡಿದೆ. ಮುಖ ಸ್ವಲ್ಪ ಎಡಕ್ಕೆ ವಾಲಿದೆ. ಪುಟ್ಟಿ, “ಅತ್ತೇ!” ಎಂದು ಕೂಗಿದಾಗ ಜವಾನ ಗದರಿಸಿದನಲ್ಲ, ಆಗ ನಾನು ಅವಳ ಕಡೆ ನೋಡದೆ ಕಟಕಟೆ ಹತ್ತಿದೆ. ವಕೀಲಮ್ಮ ರಿಜಿಸ್ಟರನ್ನು ಎತ್ತಿ ಹಿಡಿದರು.

“ಈ ಅಕ್ಷರ ನಿಮ್ಮದಾ?”

“ಹೌದು.”

“ಬಂದೋರಿಗೆ ಬಾಯಿ ತೆಗಿಯೋಕೆ ಆಗ್ತಿರ್ಲಿಲ್ಲ. ನೀವು ಸ್ವತಃ ಅಂತ ಬರೆದಿದೀರಿ. ಯಾರು ಹೇಳಿದ್ದು?”

“ನೆನಪಿಲ್ಲ.”

“ನಿಮ್ಮ ಸ್ವಂತ ಅತ್ತಿಗೆ. ನೆನಪಿಲ್ವಾ?”

“ದಿನಕ್ಕೆ ಇನ್ನೂರು ಚೀಟಿ ಬರೀತೀನಿ.”

“ಈ ಗೀಟು ಏನು?”

“ಪೆನ್ನು ಜಾರಿತು.”

ಹಿಂದಿನ ಬೆಂಚಿನಿಂದ ಯಾರೋ, “ಆ ಮನೇಲಿ ಎಲ್ಲಾನೂ ಜಾರತ್ತಪ್ಪ” ಎಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರೂ ತುಟಿ ಕಚ್ಚಿಕೊಂಡರು. ನೀವೊಬ್ಬರು ನಗಲಿಲ್ಲ. ನೀವು ನಿಮ್ಮ ಬಲಗೈ ನೋಡಿಕೊಳ್ಳುತ್ತಿದ್ದಿರಿ.

ಹೊರಗೆ ಅಣ್ಣ, “ಶಭಾಷ್, ನನ್ನ ತಂಗಿ” ಎಂದು ಬೆನ್ನು ತಟ್ಟಿದ. ಎದುರಿನ ಅಂಗಡಿಯಿಂದ ಬಾಟಲಿ ಪಾನಕ ತಂದುಕೊಟ್ಟ, ಹೆಸರಿಗೆ ಕಿತ್ತಳೆಯದ್ದು, ತಣ್ಣಗಿತ್ತು. ಕುಡಿದೆ ಅತ್ತಿಗೆ. ಬಾಯಾರಿತ್ತು, ಪೂರ್ತಿ ಕುಡಿದೆ. ಆ ಬಾಟಲಿ ಖಾಲಿ ಮಾಡಿದವಳು ಎಂಥವಳು ಎಂದು ನಿನ್ನೆಯಿಂದ ಕೇಳಿಕೊಳ್ಳುತ್ತಿದ್ದೇನೆ. ನನಗೆ ನನ್ನ ಮೇಲೇ ಹೇಸಿಗೆಯಾಗಿದೆ.

ಮುಂದಿನ ತಾರೀಕು ಇಪ್ಪತ್ತೊಂಬತ್ತು ಎಂದರು. ಅವತ್ತು ತೀರ್ಮಾನವಾಗಬಹುದಂತೆ. ಒಂದು ಸಾಲು ಬರೆಯಿರಿ, ಬೈದಾದರೂ ಬರೆಯಿರಿ.

ಮಲ್ಲಿ


ಆಗಸ್ಟ್ 12

ಆಸ್ಪತ್ರೆಯ ಕೌಂಟರಿನ ತಂಗಿಗೆ,

ನಿಮ್ಮ 2ನೇ ತಾರೀಕಿನ ಕಾಗದವನ್ನೂ 9ರದ್ದನ್ನೂ ಅವರಿಗೆ ಕೊಡಲು ಹೋಗಿದ್ದೆ. ಅವರು ಲಕೋಟೆ ಮುಟ್ಟಲಿಲ್ಲ. “ಅಲ್ಲೇ ಇರ್ಲಿ ಬಿಡಿ” ಎಂದರು. ಎರಡೂ ನನ್ನ ಡ್ರಾಯರಿನಲ್ಲಿವೆ. ನಾನು ಒಡೆದು ನೋಡಿಲ್ಲ.

ಅವರು ಊಟ ಬಿಟ್ಟಿಲ್ಲ, ಮಗುವೂ ಚೆನ್ನಾಗಿದೆ. ಇದಕ್ಕಿಂತ ಹೆಚ್ಚು ನಾನು ಹೇಳುವಂತಿಲ್ಲ.

ನಿಮಗೆ ಬೈಯುವ ಅಧಿಕಾರ ನನಗಿಲ್ಲ. ಈ ಕೋಣೆಯಲ್ಲಿ ಕೂತು ಹದಿನಾರು ವರ್ಷ ಆಯಿತು, ಹೆದರಿದವರನ್ನು ನೋಡಿಯೇ ಬಂದಿದ್ದೇನೆ. ಮಾತಾಡಬೇಕು ಅನ್ನಿಸಿದರೆ ಬಾಗಿಲು ತೆರೆದಿರುತ್ತದೆ. ಮಂಗಳವಾರ, ಶುಕ್ರವಾರ.

ಎಕ್ಸ್‌ರೇ ಪಕ್ಕದ ಕೋಣೆಯಿಂದ


ಆಗಸ್ಟ್ 21

ಅತ್ತಿಗೆ,

ಇದೂ ಡ್ರಾಯರಿಗೇ ಹೋಗುತ್ತದೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಕಳೆದ ಗುರುವಾರ ಬೆಳಿಗ್ಗೆ ಕಿಟಕಿಗೆ ಒಬ್ಬಳು ಬಂದಳು. ಇಪ್ಪತ್ತು ಇಪ್ಪತ್ತೆರಡರ ಹುಡುಗಿ. ಕಿವಿಯ ಹಿಂದಿನಿಂದ ರಕ್ತ ಇಳಿದು ಒಣಗಿತ್ತು. ಮೊಣಕೈ ಹಿಡಿದುಕೊಂಡು ಗಂಡ ನಿಂತಿದ್ದ, ಒಳ್ಳೆ ಇಸ್ತ್ರಿ ಮಾಡಿದ ಅಂಗಿ. “ಮೆಟ್ಲಿಂದ ಜಾರಿದ್ಲು ಮೇಡಂ” ಎಂದ. ನನ್ನ ಪೆನ್ನು ಅಷ್ಟರಲ್ಲಿ ‘ಜಾ’ ಬರೆದಾಗಿತ್ತು. ನಿಲ್ಲಿಸಿದೆ. ಅವನನ್ನು ಚೀಟಿಗೆ ಮುದ್ರೆ ಹಾಕಿಸಿಕೊಂಡು ಬನ್ನಿ ಎಂದು ಹಿಂದಿನ ಕಟ್ಟಡಕ್ಕೆ ಅಟ್ಟಿದೆ. ಅಲ್ಲಿ ಯಾವ ಮುದ್ರೆಯೂ ಇಲ್ಲ. ಆಮೇಲೆ ಕಿಟಕಿಗೆ ಬಾಗಿ, “ಏನಾಯ್ತಮ್ಮ? ನನಗೆ ಹೇಳು, ಅವನಿಲ್ಲ ಈಗ” ಎಂದೆ.

ಅವಳು ನನ್ನ ಮುಖ ನೋಡಿ ಗಿಣಿಯ ಹಾಗೆ, “ಜಾರಿ ಬಿದ್ದೆ ಮೇಡಂ” ಎಂದಳು.

ನನಗೆ ಇನ್ನೇನು ಮಾಡಲು ಆಗುತ್ತದೆ? ಹೇಳಿದವರು, ಸ್ವತಃ ಎಂದು ಬರೆದೆ. ಹತ್ತು ವರ್ಷದ ಕೆಲಸದಲ್ಲಿ ಆ ಕಲಂ ತುಂಬುವಾಗ ಬಂದವಳ ಬಾಯನ್ನು ನೋಡಿದ್ದು ಅದೇ ಮೊದಲ ಸಲ. ಚೀಟಿಯ ಹಿಂದೆ ‘ಎಕ್ಸ್‌ರೇ ಪಕ್ಕದ ಕೋಣೆ, ಮಂಗಳವಾರ, ಶುಕ್ರವಾರ’ ಎಂದು ಬರೆದುಕೊಟ್ಟೆ. ಅವಳು ಮಡಚಿ ಮುಷ್ಟಿಯಲ್ಲಿ ಇಟ್ಟುಕೊಂಡಳು. ಹೋದಳು.

ಅವಳು ಹೇಳಿದ್ದು ಸುಳ್ಳೇ ಇರಬಹುದು. ಆದರೆ ಅವಳ ಸುಳ್ಳು ಅದು. ಈಗ ಹೇಳುವುದೋ ಬೇಡವೋ, ಯಾವಾಗ ಹೇಳುವುದು, ಯಾರಿಗೆ ಹೇಳುವುದು ಎಂದು ಅವಳು ಲೆಕ್ಕ ಹಾಕಿ ಹೇಳಿದ್ದು. ನಿಮಗೆ ನಾನು ಅಷ್ಟನ್ನೂ ಬಿಡಲಿಲ್ಲ. ನಿಮ್ಮ ಸುಳ್ಳನ್ನೂ ನಾನೇ ಹೇಳಿ, ನಿಮ್ಮ ಹೆಸರಲ್ಲಿ ಬರೆದೆ. ಇದು ತಲೆಗೆ ಹೋದ ಮೇಲೆ ನನಗೆ ಆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ. ಸರದಿ ಹಾಗೇ ಬಿಟ್ಟು ಎದ್ದೆ, ಜನ ಬೈದರು. ಮೇಲಿನ ಮಹಡಿಗೆ ಹೋಗಿ ದೊಡ್ಡ ಡಾಕ್ಟರ ಎದುರು ನಿಂತು, ಮೂರು ನಮೂದನ್ನೂ ಸುಳ್ಳು ಬರೆದಿದ್ದೇನೆ ಎಂದು ಹೇಳಿದೆ. “ಬರೆದು ಕೊಡ್ತೀರಾ?” ಎಂದರು. ಬರೆದು ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, “ಇಷ್ಟು ಚೆಂದ ಬರೀತೀರಲ್ಲಮ್ಮ” ಎಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವತ್ತೇ ಅಮಾನತು ಮಾಡಿದರು. ಬರೆದದ್ದರ ಒಂದು ಪ್ರತಿಯನ್ನು ನಾನೇ ನಿಮ್ಮ ವಕೀಲಮ್ಮನ ಕೈಗೆ ಕೊಟ್ಟು ಬಂದಿದ್ದೇನೆ. ಇಪ್ಪತ್ತೊಂಬತ್ತಕ್ಕೆ ನನ್ನನ್ನು ಮತ್ತೆ ಕರೆಸುತ್ತಾರೆ.

ಅಣ್ಣನಿಗೆ ಸಂಜೆಯೊಳಗೆ ಸುದ್ದಿ ಮುಟ್ಟಿತು. ಕೈ ಎತ್ತಿದ. ಎತ್ತಿದ್ದನ್ನು ಹಾಗೇ ಇಳಿಸಿ, “ನಿನ್ನ ಓದಿಸಿದ್ದಕ್ಕೆ ನನಗೆ ಇದೇ ಆಗ್ಬೇಕಿತ್ತು” ಎಂದ. ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎಂದು ಬರೆಯಹೊರಟೆ. ನಿಮಗೆ ಆ ಮಾತು ಬರೆಯಲು ನನಗೆಷ್ಟು ಧಿಮಾಕು ಇರಬೇಕು. ಬಟ್ಟೆ ತುಂಬಿಕೊಂಡು ಹೊರಟಾಗ ಅಮ್ಮ ಬಾಗಿಲಲ್ಲಿ ಅಡ್ಡ ನಿಂತು, “ಅವನಿಗೆ ಕೈ ಸ್ವಲ್ಪ ಮುಂದು ಅಷ್ಟೇ ಕಣೇ, ಮನಸ್ಸು ಚಿನ್ನ” ಎಂದಳು. ಅಪ್ಪ ಇದ್ದಾಗ ಅಪ್ಪನ ಬಗ್ಗೆಯೂ ಅಮ್ಮ ಇದೇ ಮಾತು ಹೇಳುತ್ತಿದ್ದಳು.

ಈಗ ದಾದಿಯರ ಹಾಸ್ಟೆಲಿನಲ್ಲಿ ಗೆಳತಿಯ ಕೋಣೆಯ ನೆಲದ ಮೇಲೆ ಹಾಸಿಗೆ ಹಾಕಿಕೊಂಡಿದ್ದೇನೆ. ನಿಮ್ಮ ಗಿಡ ತಂದಿದ್ದೇನೆ, ಇಲ್ಲಿ ಬಿಸಿಲು ಸಾಲದು.

ಇನ್ನೊಂದು ಉಳಿದಿದೆ. ಆ ಗೀಟು. ಅದನ್ನು ಡಾಕ್ಟರಿಗೂ ಹೇಳಲಿಲ್ಲ, ಬರೆದುಕೊಟ್ಟದ್ದರಲ್ಲೂ ಇಲ್ಲ. ಈ ಕಾಗದದಲ್ಲಿ ನಿಮಗೊಬ್ಬರಿಗೆ ಹೇಳಿ ಹಗುರಾಗಿಬಿಡಬಹುದು, ಆದರೆ ಮತ್ತೆ ಅದು ಮನೆಯೊಳಗಿನ ಮಾತೇ ಆಗಿ ಉಳಿಯುತ್ತದೆ. ಎಲ್ಲರೂ ನಕ್ಕ ಜಾಗದಲ್ಲೇ ನಿಂತು ಹೇಳುತ್ತೇನೆ.

ಮಲ್ಲಿ


ಸೆಪ್ಟೆಂಬರ್ 6

ಮಲ್ಲಿ,

ಡ್ರಾಯರಿನ ಕಾಗದಗಳನ್ನು ನಿನ್ನೆ ತರಿಸಿಕೊಂಡು ಓದಿದೆ. ಕೋರ್ಟಿಗೆ ಹೋಗುವ ಮೊದಲು ಓದಿರಲಿಲ್ಲ. ಹಾಗಾಗಿ ಇಪ್ಪತ್ತೊಂಬತ್ತಕ್ಕೆ ನಿನ್ನನ್ನು ಮತ್ತೆ ಕೂಗಿದಾಗ, ಇವಳು ಇವತ್ತು ಇನ್ನೇನನ್ನು ಜಾರಿಸುತ್ತಾಳೋ ಎಂದು ನೆಲ ನೋಡುತ್ತಾ ಕೂತಿದ್ದೆ. ವಕೀಲಮ್ಮ ನಿನ್ನ ತಪ್ಪೊಪ್ಪಿಗೆಯ ಬಗ್ಗೆ ನನಗೆ ಹೇಳಿದ್ದರು. ನಾನು ನಂಬಿರಲಿಲ್ಲ. ಎದುರಿಗೆ ಅಣ್ಣನನ್ನು ನೋಡಿದರೆ ಇವಳು ಕರಗುತ್ತಾಳೆ ಎಂದುಕೊಂಡಿದ್ದೆ.

ನೀನು ಆಡಿದ್ದು ನಿನಗೆ ಗೊತ್ತು. ಆದರೆ ನಿನಗೆ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ, ತಲೆ ಬಗ್ಗಿಸಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನ್ಯಾಯಾಧೀಶರೇ ಕೇಳಿದರು, “ಹಾಗಾದ್ರೆ ಜಾರಿ ಬಿದ್ದಳು ಅಂತ ಹೇಳಿದ್ದು ಯಾರು?”

“ಫೋನಲ್ಲಿ ಹೇಳಿದ್ದು ಅಣ್ಣ. ಅವರ ಹೆಸರಲ್ಲಿ ಬರೆದದ್ದು ನಾನೇ” ಎಂದೆ ನೀನು.

“ಆಕೆ ಏನೂ ಹೇಳಲಿಲ್ವಾ?”

“ಹೇಳಿದ್ರು” ಎಂದೆ ನೀನು. ಅವನ ವಕೀಲ ಎದ್ದು ನಿಂತ, ಬಾಯೇ ತೆರೆಯದವಳು ಹೇಗೆ ಹೇಳಿದಳು ಎಂದು ಕೈ ಆಡಿಸಿದ. ನೀನು ಅವನ ಕಡೆ ತಿರುಗಲಿಲ್ಲ. “ಕಿಟಕಿಯೊಳಗೆ ಕೈ ಹಾಕಿ ನನ್ನ ಕೈ ಹಿಡ್ಕೊಂಡ್ರು. ಬರೀಬೇಡ ಅಂತ ತಲೆ ಆಡಿಸಿದ್ರು. ನಾನಾಗ ‘ಸ್ವ’ ಬರೆದಿದ್ದೆ. ಅವರು ಎಳೆದಾಗ ಬಿದ್ದಿದ್ದು ಆ ಗೀಟು. ಪೆನ್ನು ಜಾರಿದ್ದಲ್ಲ. ನಾನು ಅವರ ಬೆರಳು ಒಂದೊಂದಾಗಿ ಬಿಡಿಸಿ ಆಚೆ ಇಟ್ಟೆ. ಆಮೇಲೆ ಪೂರ್ತಿ ಮಾಡಿದೆ” ಎಂದೆ. ಒಂದೊಂದಾಗಿ ಎನ್ನುವಾಗ ನಿನ್ನ ದನಿ ಬಿದ್ದುಹೋಯಿತು. ನ್ಯಾಯಾಧೀಶರು ಇನ್ನೊಮ್ಮೆ ಹೇಳಿ ಎಂದರು. ನೀನು ಇನ್ನೊಮ್ಮೆ ಹೇಳಿದೆ.

ಅವತ್ತು ಯಾರೂ ನಗಲಿಲ್ಲ. ಹಿಂದಿನ ಬೆಂಚಿನವನೂ ಇದ್ದ. ನಿನ್ನ ಅಣ್ಣ ಮಾತ್ರ ಎದ್ದು ಹೊರಗೆ ಹೋದ.

ಆದೇಶ ನಿನ್ನೆ ಕೈಗೆ ಬಂತು. ಅವನು ನನ್ನ ಹತ್ತಿರ ಬರುವಂತಿಲ್ಲ, ಪುಟ್ಟಿ ನನ್ನ ಜೊತೆ. ಇಲ್ಲಿಯ ಹೆಂಗಸರು ನನ್ನನ್ನು ಪಾತ್ರೆ ತೊಳೆಯಲು ಬಿಡಲಿಲ್ಲ. ಅವತ್ತು ‘ಬಚ್ಚಲಲ್ಲೇ ಜಾರಿನಾ’ ಎಂದಿದ್ದವಳು ನನ್ನನ್ನು ತಬ್ಬಿಕೊಂಡು ಹೋ ಎಂದು ಅತ್ತಳು. ಅವಳ ಮಕ್ಕಳು ಗಂಡನ ಹತ್ತಿರವೇ ಇದ್ದಾರೆ.

ನನ್ನದೂ ಒಂದು ಹೇಳುತ್ತೇನೆ. ನಿನ್ನ ಕಿಟಕಿಯ ಮುಂದೆ ನಿಂತ ಆ ಬೆಳಗಿನಿಂದ ನನ್ನನ್ನು ಕೊರೆಯುತ್ತಿದ್ದದ್ದು ದವಡೆಯಲ್ಲ. ನಾನು ನಿನ್ನ ಕೈ ಗಟ್ಟಿಯಾಗಿ ಹಿಡಿಯಲಿಲ್ಲ ಎನ್ನುವುದು. ಬಿಡಿಸಿದರೆ ಬಿಟ್ಟುಕೊಡುವ ಹಾಗೆ ಹಿಡಿದಿದ್ದೆ, ಬೇಡ ಎಂದದ್ದು ನಿನಗೆ ತಿಳಿದಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಅದಕ್ಕೆ ಎಷ್ಟು ನಾಚಿಕೆಪಟ್ಟಿದ್ದೇನೆ ಎಂದರೆ, ವಕೀಲಮ್ಮನಿಗೂ ಹೇಳಲು ಬಾಯಿ ಬರಲಿಲ್ಲ. ನಿನಗೆ ಬರೆದ ಕಾರಣ ಬೇರೆ, ನಿಜ ಇದು. ನಿನಗೆ ಅವತ್ತೇ ತಿಳಿದಿತ್ತು, ಪ್ರತಿಯೊಂದು ಬೆರಳೂ ನೆನಪಿತ್ತು. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಸಿಟ್ಟೂ ಬಂತು. ಎರಡೂ ಹಾಗೇ ಇವೆ.

ಕ್ಷಮಿಸಿ ಎಂದು ಮಾತ್ರ ಕೇಳಬೇಡ. ಕೇಳಿದರೆ ಬಾಯಿತಪ್ಪಿ ಆಯ್ತು ಬಿಡು ಎಂದುಬಿಡುತ್ತೇನೆ, ಏಳು ವರ್ಷ ನಿಮ್ಮ ಮನೆಯಲ್ಲಿ ಅದನ್ನೇ ಹೇಳಿ ರೂಢಿಯಾಗಿದೆ. ಆಮೇಲೆ ಅದೂ ಒಂದು ಸುಳ್ಳಾಗುತ್ತದೆ.

ಪುಟ್ಟಿ ಅತ್ತೆಯನ್ನು ನೋಡಬೇಕು ಎಂದು ಹಟ ಮಾಡುತ್ತಿದ್ದಾಳೆ. ಬರುವ ಮಂಗಳವಾರ ಹತ್ತೂವರೆಗೆ ಕನ್ನಡಕದ ಅಕ್ಕನ ಕೋಣೆಗೆ ಬಾ. ಅರ್ಧ ಗಂಟೆ. ಪುಟ್ಟಿಯನ್ನು ಒಳಗೆ ಕಳಿಸಿ ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ನೀನು ನನ್ನ ಮುಂದೆಯೇ ಹಾದು ಒಳಗೆ ಹೋಗಬೇಕಾಗುತ್ತದೆ. ನನ್ನನ್ನು ಮಾತಾಡಿಸಬೇಡ, ಕಾಲಿಗೆ ಬೀಳುವುದು, ಕೈ ಹಿಡಿಯುವುದು ಏನೂ ಬೇಡ. ನಾನಾಗಿ ಮಾತಾಡಿಸಿದರೆ ನಿಂತು ಉತ್ತರ ಕೊಡು. ಅದು ಈ ಮಂಗಳವಾರವೇ ಆಗಬಹುದು, ಮುಂದಿನ ವರ್ಷವೂ ಆಗಬಹುದು. ಅಲ್ಲಿಯವರೆಗೆ ನೀನು ಕಾಯಬೇಕು.

ಪುಟ್ಟಿಯ ಅಮ್ಮ